ಅಸ್ತರು ಹಾಕಿದ ಮೊಣಕಾಲು

ಆ ಬೀದಿಯಲ್ಲಿ ಕೋಟು ಹೊಲಿಯುವವಳನ್ನು ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿ ಎನ್ನುತ್ತಿದ್ದರು. ಅವಳಿಗೆ ಎರಡನೆಯದೇ ಹೆಚ್ಚು ಇಷ್ಟ. ಅಕ್ಕ ಅನ್ನಿಸಿಕೊಳ್ಳಲು ಏನು ಯೋಗ್ಯತೆ ಬೇಕು, ನಾಲ್ಕು ವರ್ಷ ಮೊದಲು ಹುಟ್ಟಿದರೆ ಆಯಿತು. ಕತ್ತರಿ ಅನ್ನಿಸಿಕೊಳ್ಳಲು ಒಂದು ಆಯುಷ್ಯ ಸವೆಸಬೇಕು ಎಂಬುದು ಅವಳ ಲೆಕ್ಕ.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂಟಿ ಕೋಣೆ ಅವಳ ಅಂಗಡಿ. ಕಬ್ಬಿಣದ ಇಕ್ಕಟ್ಟು ಮೆಟ್ಟಿಲು ಹತ್ತಿ ಹೋಗಬೇಕು. ಆ ಮೆಟ್ಟಿಲ ಕೆಳಗಿನ ಸಂದಿಯಲ್ಲೇ ಇಸ್ತ್ರಿಯವಳ ಮೇಜು. ಮೇಲಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಹಲಗೆ, ತಲೆಯಿಲ್ಲದ ಮರದ ಗೊಂಬೆ, ಕಿಟಕಿಯ ಪಕ್ಕ ಅವಳ ಅಪ್ಪನ ಕಾಲದ ಕಾಲುಮಿಷನ್ನು. ಗಿರಾಕಿಗೆಂದು ಒಂದು ಕುರ್ಚಿಯೂ ಇಲ್ಲ. ಕೂತವರು ಹರಟುತ್ತಾರೆ, ನಿಂತವರು ಅಳತೆ ಕೊಟ್ಟು ತೊಲಗುತ್ತಾರೆ ಎಂದು ಅವಳೇ ತೆಗೆಸಿಹಾಕಿದ್ದಳು.

ಅಳತೆ ತೆಗೆಯುವಾಗ ಅವಳ ಬಾಯಿ ಟೇಪಿಗಿಂತ ಮುಂದೆ ಓಡುತ್ತಿತ್ತು. ಒಂದು ಹೆಗಲು ಇಳಿದಿದ್ದ ವಕೀಲರಿಗೆ, "ನೆಟ್ಟಗೆ ನಿಲ್ಲಿ ಸ್ವಾಮಿ. ಓ, ಇದೇ ನೆಟ್ಟಗಾ? ಸರಿ ಬಿಡಿ, ಹತ್ತಿ ತುಂಬ್ತೀನಿ. ಕೋರ್ಟಲ್ಲಿ ಯಾರಿಗೂ ಗೊತ್ತಾಗಲ್ಲ. ಮನೇಲಿ ನಿಮ್ಮ ಹೆಂಡತಿಗೆ ಹೇಗೂ ಗೊತ್ತಿರುತ್ತೆ" ಎಂದಿದ್ದಳು. ಬ್ಯಾಂಕಿನ ಮ್ಯಾನೇಜರ ಹೊಟ್ಟೆಯ ಸುತ್ತ ಟೇಪು ಹಾಕುತ್ತ, "ಜನ ಬ್ಯಾಂಕಲ್ಲಿ ಇಟ್ಟಿದ್ದೆಲ್ಲ ಎಲ್ಲಿ ಹೋಗುತ್ತೆ ಅಂತ ಈಗ ಗೊತ್ತಾಯ್ತು" ಎಂದಿದ್ದಳು. ಇಷ್ಟು ಅನ್ನಿಸಿಕೊಂಡೂ ಅವರು ಮತ್ತೆ ಮತ್ತೆ ಬರುತ್ತಿದ್ದರು. ಅವಳು ಹೊಲಿದ ಕೋಟು ಮೈಮೇಲೆ ಕೂರುವ ಹಾಗೆ ಬೇರೆಯವರ ಕೋಟು ಕೂರುತ್ತಿರಲಿಲ್ಲ, ಅದೇ ಕಾರಣ. ಒಳ್ಳೆಯ ಕೈಯಿದ್ದವರಿಗೆ ಕೆಟ್ಟ ಬಾಯಿಯನ್ನು ಊರು ಸುಲಭವಾಗಿ ಮಾಫಿ ಮಾಡುತ್ತದೆ. ಮಾಡಬಾರದು, ಆದರೆ ಮಾಡುತ್ತದೆ.

ಗಂಡನ ಬಗ್ಗೆ ಯಾರಾದರೂ ಕೇಳಿದರೆ "ಹೋದ" ಎನ್ನುತ್ತಿದ್ದಳು. ಹೊಸಬರು ಪಾಪ ಎಂದು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಅವನು ಹೋಗಿದ್ದು ತನ್ನ ಅಣ್ಣನ ಮನೆಗೆ. ಅಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾನೆ, ಮೊದಲಿಗಿಂತ ಮೈಕೈ ತುಂಬಿಕೊಂಡಿದ್ದಾನೆ ಎಂದೂ ಸುದ್ದಿ. ಮಗ ಪಕ್ಕದ ಬೀದಿಯಲ್ಲಿ ಮೋಟಾರು ಮಿಷನ್ನುಗಳನ್ನಿಟ್ಟುಕೊಂಡು ರೆಡಿಮೇಡ್ ಪ್ಯಾಂಟುಗಳ ಉದ್ದ ಕತ್ತರಿಸಿಕೊಡುವ ಅಂಗಡಿ ತೆರೆದಿದ್ದ. ಅದಕ್ಕೆ ಅವಳು ಇಟ್ಟ ಹೆಸರು ಕ್ಷೌರದಂಗಡಿ. "ಮೋಟಾರು ಹೊಲಿಯಲ್ಲ ಕಣೋ, ಓಡುತ್ತೆ. ಓಡೋದಕ್ಕೂ ಹೊಲಿಯೋದಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ನನ್ನ ಹೊಟ್ಟೇಲಿ ಹೇಗೆ ಹುಟ್ಟಿದ್ಯೋ" ಎಂದು ಗಿರಾಕಿಗಳ ಎದುರಿಗೇ ಹೇಳಿದ್ದಳು. ಅವನು ತನ್ನ ಪಾಡಿಗೆ ಅಂಗಡಿ ನಡೆಸಿದ. ಅಮ್ಮ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಲ್ಲುವುದನ್ನು ಕಂಡ ಮೇಲೆ ಒಂದು ದಿನ ಸದ್ದಿಲ್ಲದೆ ಬಂದು, ಅವಳ ಮಿಷನ್ನಿಗೆ ಹೊಂದುವ ಮೋಟಾರೊಂದನ್ನು ಡಬ್ಬಿಯ ಸಮೇತ ಹಲಗೆಯ ಕೆಳಗಿಟ್ಟು ಹೋದ.

ಆ ಡಬ್ಬಿಯೇ ಅವಳ ನಿದ್ದೆ ಕೆಡಿಸಿತು. ಅದನ್ನು ತೆರೆದ ದಿನ ತಾನು ಇಷ್ಟು ವರ್ಷ ಆಡಿದ್ದೆಲ್ಲ ತನ್ನ ಮೇಲೇ ಬಂದು ಬೀಳುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊಣಕಾಲು ಹೋದರೆ ಪೆಡಲು ಹೋಯಿತು, ಪೆಡಲು ಹೋದರೆ ಜನರನ್ನು ಎತ್ತಿ ಆಡುವ ಹಕ್ಕೇ ಹೋಯಿತು. ಬೇರೆಯವರಿಗೆ ಇದು ದೊಡ್ಡ ವಿಷಯ ಅನ್ನಿಸದಿರಬಹುದು. ಅವಳಿಗೆ ಬೇರೆ ಆಸ್ತಿ ಇರಲಿಲ್ಲ.

ಸವೆದದ್ದು ಬಲಮೊಣಕಾಲು, ಪೆಡಲು ಒತ್ತುವ ಕಾಲು. ಕೆಳಗಿನ ಇಸ್ತ್ರಿಯವಳಿಗೆ ಎಡಮೊಣಕಾಲು. ದಿನವಿಡೀ ಆ ಕಾಲಿನ ಮೇಲೆ ಭಾರ ಹಾಕಿ ನಿಂತು ಅದೂ ಕೈಕೊಟ್ಟಿತ್ತು. ಇಡೀ ಬೀದಿಯಲ್ಲಿ ಕತ್ತರಿಯನ್ನು ಸಹಿಸಿಕೊಂಡಿದ್ದವಳು ಇವಳೊಬ್ಬಳೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಬ್ಬರೂ ಮೆಟ್ಟಿಲ ಬುಡದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕತ್ತರಿ ಊರನ್ನು ಬಯ್ಯುತ್ತಿದ್ದಳು, ಇಸ್ತ್ರಿಯವಳು ಹೂಂ ಎನ್ನುತ್ತಿದ್ದಳು. ಇದನ್ನು ಕತ್ತರಿ ಸ್ನೇಹ ಎಂದು ತಿಳಿದಿದ್ದಳು.

ಆಸ್ಪತ್ರೆಗೂ ಇಬ್ಬರೂ ಒಟ್ಟಿಗೇ ಹೋದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎರಡು ಮೂಳೆ ನಡುವೆ ಮೆತ್ತನೆ ಪದರ ಇರುತ್ತಲ್ಲ, ಅದು ಸವೆದಿದೆ. ಮೂಳೆಗೆ ಮೂಳೆ ಉಜ್ಜುತ್ತಿದೆ" ಎಂದರು.

"ಅಂದ್ರೆ ಒಳಗಿನ ಅಸ್ತರು ಹರಿದಿದೆ" ಎಂದಳು ಕತ್ತರಿ.

"ಹಾಗೇ ಅಂದ್ಕೊಳ್ಳಿ" ಎಂದರು ಡಾಕ್ಟರು. ಮುಂದೆ ಆಗಿದ್ದಕ್ಕೆಲ್ಲ ಅವರ ಈ ಒಂದು ಉದಾರ ಮಾತೂ ಕಾರಣವೇ.

ಫಿಸಿಯೋ ಕೋಣೆಯಲ್ಲಿದ್ದ ಹುಡುಗಿ ಒಂದು ಪಟ್ಟಿಯನ್ನು ಹೊರತೆಗೆದಳು. ಪಟ್ಟಿಗೆ ಬಿಲ್ಲೆಯಂಥ ಎರಡು ಚಿಕ್ಕ ತಟ್ಟೆಗಳು, ಅವುಗಳಿಂದ ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿಗೆ ಒಂದು ತಂತಿ. ತಟ್ಟೆಗಳ ಕೆಳಗೆ ನೋವಿನ ಔಷಧ ಬೆರೆಸಿದ ಜೆಲ್ಲಿನ ಅಂಟುಬಿಲ್ಲೆ ಹಚ್ಚಬೇಕು. ಗುಂಡಿ ಒತ್ತಿದರೆ ಕಿವಿಗೆ ಕೇಳಿಸದ ಶಬ್ದ ಹೊರಟು, ಜೆಲ್ಲಿನ ಮೂಲಕ ಮೊಣಕಾಲಿನ ಒಳಕ್ಕೆ ಇಳಿಯುತ್ತದೆ, ಔಷಧವನ್ನೂ ಒಳಗೆ ಇಳಿಸುತ್ತದೆ. ಹಗಲು ಕೆಲವು ಗಂಟೆ ಕಟ್ಟಿಕೊಂಡಿರಬೇಕು, ಕಟ್ಟಿಕೊಂಡೇ ಓಡಾಡಬಹುದು, ಕೆಲಸ ಮಾಡಬಹುದು. ಮಂತ್ರವಲ್ಲ, ವಾರಗಟ್ಟಲೆ ಬಿಡದೆ ಮಾಡಿದರೆ ಕೆಲವರಿಗೆ ನೋವು ಇಳಿಯುತ್ತದೆ. ಹಿತ ಅನ್ನಿಸದಿದ್ದರೆ ತಂದುಕೊಡಿ ಎಂದು ಇಬ್ಬರಿಗೂ ಒಂದೊಂದು ಕೊಟ್ಟಳು.

"ಬರೀ ಚರ್ಮದ ಮೇಲೆ ಹಚ್ಚಬೇಕು. ಜೆಲ್ಲಿಗೂ ಚರ್ಮಕ್ಕೂ ನಡುವೆ ಏನೂ ಇರಬಾರದು" ಎಂದೂ ಹೇಳಿದಳು. ಇಸ್ತ್ರಿಯವಳು ತಲೆಯಾಡಿಸಿದಳು. ಕತ್ತರಿಯೂ ತಲೆಯಾಡಿಸಿದಳು. ಆದರೆ ಅವಳ ಕಣ್ಣು, ಕಿವಿ, ಮನಸ್ಸು ಮೂರೂ ಅಷ್ಟು ಹೊತ್ತು ಆ ಹುಡುಗಿಯ ಬಿಳಿ ಕೋಟಿನ ಜೇಬಿನ ಮೇಲಿದ್ದವು. ಜೇಬು ಒಂದು ಬೆರಳಿನಷ್ಟು ವಾಲಿತ್ತು. ತೋಳಿನ ಅಂಚನ್ನು ಯಾರೋ ಬೂದು ದಾರದಲ್ಲಿ ಹೊಲಿದಿದ್ದರು. ಬಿಳಿ ಬಟ್ಟೆಗೆ ಬೂದು ದಾರ. ಹೊರಗೆ ಬರುತ್ತಿದ್ದ ಹಾಗೆ, "ತನ್ನ ಜೇಬು ವಾಲಿರೋದೇ ಕಾಣದವಳು ನನ್ನ ಮೊಣಕಾಲು ನೋಡ್ತಾಳಂತೆ" ಎಂದು ಮೂಗು ಮುರಿದಳು.

"ಹೂಂ" ಎಂದಳು ಇಸ್ತ್ರಿಯವಳು.

"ಕೇಳಿಸದ ಶಬ್ದ ಅಂತೆ. ಕಾಣದ ಬಟ್ಟೇಲಿ ನಾನೂ ಕೋಟು ಹೊಲಿದು ಕೊಟ್ಟುಬಿಡ್ಲಾ?"

ಅಂಗಡಿಗೆ ಬಂದು ಪಟ್ಟಿಯನ್ನು ಹಲಗೆಯ ಮೇಲೆ ಹರವಿದ ಕೂಡಲೇ ಅವಳ ಪಿತ್ತ ನೆತ್ತಿಗೇರಿತು. ಹೊರಗೆ ನೋಡಲು ನಯವಾಗಿದ್ದ ಪಟ್ಟಿಯ ಒಳಮೈ ಒರಟೊರಟು. ಅಂಚು ಮಡಿಸಿಯೇ ಇಲ್ಲ, ಹೊಲಿಗೆ ಹಲ್ಲು ಉದುರಿದ ಬಾಚಣಿಗೆಯ ಹಾಗಿದೆ. ಅವಳ ಅಪ್ಪ ಕಲಿಸಿದ ಮೊದಲ ಪಾಠವೇ ಮಡಿಸದ ಹಸಿ ಅಂಚು ಮೈಗೆ ತಾಗಬಾರದು ಎಂಬುದು. ಅಸ್ತರಿಲ್ಲದ ಕೋಟನ್ನು ಅವಳ ಕೈಯಿಂದ ಹೊಲಿಸಲು ಊರಿನ ಯಾರಿಂದಲೂ ಆಗಿರಲಿಲ್ಲ. ಬೇರೆ ದರ್ಜಿ ಹೊಲಿದ ಕೋಟು ಕೈಗೆ ಸಿಕ್ಕರೆ ಮೊದಲು ಒಳಮಗ್ಗುಲು ತಿರುವಿ ನೋಡಿ, ಆಮೇಲೆ ಆ ದರ್ಜಿಯ ಜನ್ಮ ಜಾಲಾಡುತ್ತಿದ್ದಳು.

ಹಾಗಾಗಿ ಅವಳು ಮಾಡಿದ್ದು ಅವಳ ಮಟ್ಟಿಗೆ ನ್ಯಾಯವಾದದ್ದೇ. ಮದುವೆ ಗಂಡೊಬ್ಬನ ಕೋಟಿಗೆ ಹಾಕಿ ಉಳಿದಿದ್ದ ಒಳ್ಳೆಯ ಸ್ಯಾಟಿನ್ ತುಂಡು ತೆಗೆದು, ಅಳತೆಗೆ ಕತ್ತರಿಸಿ, ಪಟ್ಟಿಯ ಒಳಮೈಗೆ ಪೂರ್ತಿ ಅಸ್ತರು ಹೊಲಿದಳು. ಎರಡು ಸಾಲು ಹೊಲಿಗೆ, ನಾಲ್ಕು ಮೂಲೆಯಲ್ಲೂ ಗಟ್ಟಿ ಟಾಕು. ತಟ್ಟೆಗಳು ಅಸ್ತರಿನ ಮರೆಗೆ ಸೇರಿಕೊಂಡವು. ದಿನಾ ಹೊಸ ಅಂಟುಬಿಲ್ಲೆಯನ್ನು ತಟ್ಟೆಗೆ ಅಂಟಿಸಲು ಅಸ್ತರಿಗೆ ಒಂದು ಪಕ್ಕದಲ್ಲಿ ಗುಂಡಿಯ ಬಾಯಿಯನ್ನೂ ಇಟ್ಟಳು. ಕಟ್ಟಿಕೊಂಡು ನೋಡಿದಳು. ತಣ್ಣಗೆ, ನುಣ್ಣಗೆ, ಮೈಗೆ ಹೊಂದಿಕೊಂಡು ಕೂತಿತು. ಡಬ್ಬಿಯ ಹಸಿರು ದೀಪ ಉರಿಯಿತು. ಇಷ್ಟು ಚೆನ್ನಾಗಿ ಹೊಲಿದ ಮೂರ್ಖತನವನ್ನು ಆ ಬೀದಿ ಹಿಂದೆ ಕಂಡಿರಲಿಕ್ಕಿಲ್ಲ.

ವಾರ ಕಳೆಯಿತು, ಇನ್ನೊಂದು ಕಳೆಯಿತು. ನೋವು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಒಳಗೊಳಗೇ ಕತ್ತರಿಗೆ ಭಯವಾಗಿತ್ತು, ಆದರೆ ಭಯವನ್ನು ಅವಳು ಯಾವತ್ತೂ ಭಯದ ರೂಪದಲ್ಲಿ ಹೊರಗೆ ಬಿಟ್ಟವಳಲ್ಲ. ಅದು ಬಾಯಿಂದ ಬರುವಾಗ ಬೈಗುಳವೇ ಆಗಿರುತ್ತಿತ್ತು. ಬಂದ ಗಿರಾಕಿಗೆಲ್ಲ ಪಟ್ಟಿ ತೋರಿಸಿ, "ಶುದ್ಧ ಮೋಸ. ಇದರಲ್ಲಿ ಸರಿ ಇರೋದು ನಾನು ಹಾಕಿದ ಅಸ್ತರು ಮಾತ್ರ" ಎನ್ನುತ್ತಿದ್ದಳು. ಆ ಮಾತು ಎಷ್ಟು ತಲೆಕೆಳಗಾಗಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

ಮೆಟ್ಟಿಲ ಬುಡದ ಚಹಾದ ಹೊತ್ತಿನಲ್ಲಿ ತೀರ್ಪು ಹೊರಬಿತ್ತು.

"ನಿನ್ನದೇನಾಯ್ತು?" ಎಂದು ಕೇಳಿದಳು.

ಇಸ್ತ್ರಿಯವಳು ಲೋಟದೊಳಗೆ ನೋಡಿದಳು. "ಏನಿಲ್ಲ."

"ಏನೂ ಆಗಲ್ಲ. ನಾನು ಆವತ್ತೇ ಹೇಳಿದ್ನಲ್ಲ. ಇದರಿಂದ ವಾಸಿಯಾಯ್ತು ಅನ್ನೋರು ಒಂದೋ ಪೆದ್ದರು, ಇಲ್ಲಾ ಆ ಕಂಪನಿಯೋರ ನೆಂಟರು. ನೀನಿನ್ನೂ ಕಟ್ಕೋತಿದ್ದೀಯಾ?"

"ಇಲ್ಲಪ್ಪ. ವಾಪಸ್ ಕೊಟ್ಟುಬಿಟ್ಟೆ."

"ಒಳ್ಳೇದಾಯ್ತು. ನಿನಗೂ ಬುದ್ಧಿ ಬರ್ತಿದೆ" ಎಂದು ಕತ್ತರಿ ಸಮಾಧಾನಪಟ್ಟಳು. ಇಸ್ತ್ರಿಯವಳು ಲೋಟ ತೊಳೆಯಲು ಎದ್ದು, ಕುಂಟುತ್ತ ನಲ್ಲಿಯ ಕಡೆ ಹೋದಳು. ಕತ್ತರಿ ಆ ಕುಂಟನ್ನು ನೋಡಿದಳು, ತನ್ನ ಮಾತಿಗೆ ಸಾಕ್ಷಿ ಸಿಕ್ಕಿತೆಂದು ಮೇಲೆ ಹೋದಳು. ನಿಜ ಹೇಳಬೇಕೆಂದರೆ ಆ ದಿನ ಮೆಟ್ಟಿಲು ಹತ್ತುವಾಗ ಅವಳಿಗೆ ಕೊಂಚ ಹಗುರವೂ ಅನ್ನಿಸಿತು. ಜೊತೆಗೆ ಕುಂಟುವವರಿದ್ದಾರೆ ಎಂಬುದೇ ಒಂದು ಔಷಧವಾಗುವ ಮಟ್ಟಕ್ಕೆ ಕೆಲವರು ಇಳಿಯುತ್ತಾರೆ.

ಚಳಿ ಬಿದ್ದ ಮೇಲೆ ಕೋಟುಗಳ ಕೆಲಸ ಮೈಮೇಲೆ ಬಂತು. ಒಂದು ಮಧ್ಯಾಹ್ನ ವಕೀಲರ ಕೋಟಿನ ತೋಳು ಕೂಡಿಸುತ್ತಿದ್ದಾಗ ಬಲಮೊಣಕಾಲು ಪೆಡಲಿನ ಮೇಲೇ ಕಚ್ಚಿಕೊಂಡಿತು. ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯಿತು. ಮತ್ತೆ ದಾರ ಪೋಣಿಸಿ ಒತ್ತಿದಳು, ಮತ್ತೆ ನಿಂತಿತು. ಹಲ್ಲು ಕಚ್ಚಿ ಒತ್ತಿದರೆ ಹೊಲಿಗೆ ಸೊಟ್ಟಗೆ ಹೋಯಿತು. ಅವಳ ಕೈಯಿಂದ ಸೊಟ್ಟ ಹೊಲಿಗೆ. ಅದನ್ನು ತಾನೇ ಬಿಚ್ಚುತ್ತ ಕೂತವಳ ಕಣ್ಣು ಹಲಗೆಯ ಕೆಳಗಿನ ಡಬ್ಬಿಯ ಮೇಲೆ ಬಿತ್ತು. ಎಳೆದು ಮುಚ್ಚಳ ತೆಗೆದಳು. ಮೋಟಾರು ಎಣ್ಣೆ ಬಳಿದುಕೊಂಡು, ಹಾಲು ಕುಡಿದ ಮಗುವಿನ ಹಾಗೆ ಮಲಗಿತ್ತು. ಅದನ್ನು ಕಂಡು ಅವಳಿಗೆ ಅಳು ಬಂತು. ಅಳುವ ಬದಲು ಮುಚ್ಚಳ ಮುಚ್ಚಿ, ಬಯ್ಯುತ್ತಲೇ ದಿನಾ ಕಟ್ಟಿಕೊಳ್ಳುತ್ತಿದ್ದ ಆ ಪಟ್ಟಿಯನ್ನು ಕಿತ್ತು ಚೀಲಕ್ಕೆ ತುರುಕಿ ಆಸ್ಪತ್ರೆಗೆ ಹೊರಟಳು. ಸೋಲುವುದೇ ಆದರೆ ಸೋಲುವ ಮೊದಲು ಒಬ್ಬರ ಮುಖದ ನೀರಿಳಿಸಬೇಕಿತ್ತು.

ಫಿಸಿಯೋ ಹುಡುಗಿಯ ಜೇಬು ಇನ್ನೂ ವಾಲಿಯೇ ಇತ್ತು. ಅದು ಕತ್ತರಿಗೆ ಬಲ ಕೊಟ್ಟಿತು. "ತಗೊಳ್ಳಿ ನಿಮ್ಮ ಶಬ್ದ" ಎಂದು ಪಟ್ಟಿಯನ್ನು ಮೇಜಿನ ಮೇಲೆ ಒಗೆದಳು. "ಇಷ್ಟು ವಾರ ಕಟ್ಕೊಂಡೆ. ಮೊಣಕಾಲಿಗೆ ಸುದ್ದಿನೇ ಮುಟ್ಟಿಲ್ಲ."

ಹುಡುಗಿ ಪಟ್ಟಿ ತಿರುವಿದಳು. ಬೆರಳಿನಿಂದ ಸವರಿದಳು. "ಇದೇನಿದು ಬಟ್ಟೆ?"

"ಅಸ್ತರು. ನಿಮ್ಮ ಕಂಪನಿಯೋರಿಗೆ ಹಾಕೋಕೆ ಬರಲಿಲ್ಲ, ನಾನು ಹಾಕಿದೆ."

"ಇದನ್ನ ಹಾಕ್ಕೊಂಡೇ ಕಟ್ಕೋತಿದ್ರಾ? ದಿನಾ?"

"ಮತ್ತೆ? ಒರಟು ಅಂಚು ಮೈಗೆ ತಾಗಿಸ್ಕೊಂಡು ಕೂರೋಕೆ ನಾನೇನು ಎಮ್ಮೆನಾ?"

ಹುಡುಗಿ ನಗಲಿಲ್ಲ. ನಕ್ಕಿದ್ದರೆ ಕತ್ತರಿಗೆ ಜಗಳಕ್ಕೆ ದಾರಿಯಾಗುತ್ತಿತ್ತು. ಅವಳು ಗುಂಡಿ ಬಿಚ್ಚಿ ಅಸ್ತರನ್ನು ಎತ್ತಿ ತೋರಿಸಿದಳು. ಸ್ಯಾಟಿನ್ನಿನ ಮೇಲೆ ಎರಡು ದೊಡ್ಡ ಕಲೆ, ಮೂಗಿಗೆ ಹೊಡೆಯುವ ಔಷಧದ ವಾಸನೆ. "ಅಮ್ಮಾ, ಈ ಶಬ್ದ ಬಟ್ಟೆ ದಾಟಿ ಒಳಗೆ ಹೋಗಲ್ಲ. ನಡುವೆ ಒಂಚೂರು ಗಾಳಿ ಸಿಕ್ಕಿದ್ರೂ ಅಲ್ಲೇ ನಿಲ್ಲುತ್ತೆ. ಜೆಲ್ಲು ಚರ್ಮಕ್ಕೇ ಅಂಟಬೇಕು ಅಂತ ಆವತ್ತು ಹೇಳಿದ್ನಲ್ಲ. ಔಷಧ ಎಲ್ಲಾ ಇದು ಕುಡಿದುಬಿಟ್ಟಿದೆ."

ಇಷ್ಟು ವಾರ ಆ ಅಸ್ತರಿಗೆ ಭರ್ಜರಿ ಚಿಕಿತ್ಸೆ ನಡೆದಿತ್ತು. ಅದಕ್ಕೆ ಮೊಣಕಾಲೊಂದು ಇದ್ದಿದ್ದರೆ ಓಡಿಹೋಗಿ ಬೆಟ್ಟ ಹತ್ತುತ್ತಿತ್ತು.

 ಆವತ್ತು ಹೇಳಿದ್ದಳೇ ಎಂದು ಕತ್ತರಿ ನೆನೆಸಿಕೊಳ್ಳಲು ನೋಡಿದಳು. ನೆನಪಿಗೆ ಬಂದದ್ದು ಬೂದು ದಾರ ಒಂದೇ. ಮೇಜಿನ ಮೇಲಿದ್ದ ಪುಟ್ಟ ಕತ್ತರಿಯನ್ನು ತೆಗೆದುಕೊಂಡು, ಅಲ್ಲೇ ನಿಂತು, ಎರಡು ಸಾಲು ಹೊಲಿಗೆಯನ್ನೂ ನಾಲ್ಕು ಟಾಕುಗಳನ್ನೂ ಬಿಚ್ಚಿದಳು.  ಹುಡುಗಿ ಒದ್ದೆ ಹತ್ತಿಯಲ್ಲಿ ಅವಳ ಮೊಣಕಾಲು ಒರೆಸಿ, ಹೊಸ ಅಂಟುಬಿಲ್ಲೆ ಹಚ್ಚಿ, ಪಟ್ಟಿ ಕಟ್ಟಿದಳು. ಒರಟು ಅಂಚು ಚರ್ಮಕ್ಕೆ ಚುಚ್ಚಿತು. ತಟ್ಟೆಗಳ ಕೆಳಗೆ ನಿಧಾನವಾಗಿ ಒಂದು ಬೆಚ್ಚಗಿನ ಹಿತ ಹಬ್ಬಿತು. ಅದು ಇಷ್ಟು ದಿನ ಒಮ್ಮೆಯೂ ಅವಳಿಗೆ ಗೊತ್ತಾಗಿರಲಿಲ್ಲ.

"ಇವತ್ತಿಂದ ಮೊದಲ ದಿನ ಅಂದ್ಕೊಳ್ಳಿ" ಎಂದಳು ಹುಡುಗಿ.

ದಾರಿಯಲ್ಲಿ ಕತ್ತರಿಗೆ ಕಾಲಿನ ಯೋಚನೆಗಿಂತ ಇಸ್ತ್ರಿಯವಳ ಯೋಚನೆಯೇ ಹೆಚ್ಚಾಯಿತು. ತನ್ನ ಮಾತು ನಂಬಿ ಆ ಪೆದ್ದಿ ಪಟ್ಟಿ ವಾಪಸ್ ಕೊಟ್ಟಿದ್ದಾಳೆ. ದಿನವಿಡೀ ನಿಂತು ಬೇರೆಯವರ ಬಟ್ಟೆ ಉಜ್ಜುವವಳು, ಕುಂಟುತ್ತ ನೀರು ತರುವವಳು, ತನ್ನಿಂದಾಗಿ ನರಳುತ್ತಿದ್ದಾಳೆ. ಹೋಗಿ ಹೇಳಬೇಕು. ಏನೆಂದು? ನಾನು ತಪ್ಪು ಹೇಳಿದೆ ಎಂದು. ಆ ಮಾತನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ. ಗಂಡನಿಗೆ ಆಡಿದ್ದರೆ ಅವನು ಬಹುಶಃ ಅಣ್ಣನ ಮನೆಯ ದಾರಿ ಹಿಡಿಯುತ್ತಿರಲಿಲ್ಲ. ತುಟಿಯೊಳಗೇ ಅಂದುಕೊಂಡು ನೋಡಿದಳು. ಬೇರೆ ಯಾರದೋ ಹಲ್ಲುಸೆಟ್ಟು ಬಾಯಿಗೆ ಹಾಕಿಕೊಂಡ ಹಾಗಾಯಿತು.

ಬೀದಿಯ ತಿರುವಿನಲ್ಲಿ ಅವಳಿಗೆ ಇಸ್ತ್ರಿಯವಳು ಕಂಡಳು. ತಲೆಯ ಮೇಲೆ ಬಟ್ಟೆಯ ದೊಡ್ಡ ಗಂಟು. ಹಾರ್ಡ್‌ವೇರ್ ಅಂಗಡಿಯ ಕಡೆ ಸರಸರನೆ, ನೆಟ್ಟಗೆ, ಎರಡೂ ಕಾಲಿನ ಮೇಲೆ ಸಮಭಾರ ಹಾಕಿ ನಡೆಯುತ್ತಿದ್ದಳು. ಚರಂಡಿಯ ಕಲ್ಲನ್ನು ಹುಡುಗಿಯ ಹಾಗೆ ದಾಟಿದಳು. ಮೆಟ್ಟಿಲ ಹತ್ತಿರ ಗಂಟು ಇಳಿಸಲು ತಿರುಗಿದವಳ ಕಣ್ಣಿಗೆ ಕತ್ತರಿ ಬಿದ್ದಳು. ಆ ಕ್ಷಣವೇ ಅವಳ ಹೆಗಲು ಇಳಿಯಿತು, ಬೆನ್ನು ಬಾಗಿತು. ಕುಂಟುತ್ತ ಮೇಜಿನ ಹಿಂದೆ ಹೋದಳು.

ಕುಂಟಿದ್ದು ಬಲಗಾಲು. ಇಸ್ತ್ರಿಯವಳಿಗೆ ನೋವಿದ್ದದ್ದು ಎಡಗಾಲಿನಲ್ಲಿ.

ಬೀದಿಯ ನಡುವೆ ನಿಂತ ಕತ್ತರಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಬಲಗಾಲಿನ ಕುಂಟು ತನ್ನದು. ತನ್ನನ್ನೇ ನೋಡಿ ಕಲಿತದ್ದು. ಇಷ್ಟು ದಿನ ಚಹಾದ ಹೊತ್ತಿಗೆ ಆ ಕುಂಟನ್ನು ಎದುರಿಗೇ ನೋಡಿದ್ದಾಳೆ, ಅದು ತಪ್ಪು ಕಾಲು ಎಂಬುದು ಕಣ್ಣಿಗೆ ಬಿದ್ದಿಲ್ಲ. ಒಂದು ಬೆರಳು ವಾಲಿದ ಜೇಬು ಕಾಣುವ ಕಣ್ಣು ಅದು.

ಹತ್ತಿರ ಹೋಗಿ ಮೇಜಿಗೆ ಕೈಯೂರಿ ನಿಂತಳು. "ಯಾವತ್ತಿಂದ?"

ಇಸ್ತ್ರಿಯವಳು ಪೆಟ್ಟಿಗೆಯ ಕೆಂಡ ಕೆದಕುತ್ತ, "ಏನು ಯಾವತ್ತಿಂದ?" ಎಂದಳು.

"ನಿನಗೆ ನೋವು ಎಡಗಾಲಲ್ಲಿ ಕಣೇ."

ಇಸ್ತ್ರಿಯವಳು ಕೆಳಗೆ ನೋಡಿ, ತನ್ನ ಕಾಲುಗಳನ್ನು ಮೊದಲ ಸಲ ಎಣಿಸುವವಳಂತೆ ನೋಡಿದಳು. ಆಮೇಲೆ ಸುಳ್ಳು ಸಾಕಾಗಿ ಸೊಂಟದ ಮೇಲಿನ ಬಟ್ಟೆ ಸರಿಸಿದಳು. ಅಲ್ಲಿ ಆ ಪುಟ್ಟ ಡಬ್ಬಿ, ಹಸಿರು ದೀಪ. "ಪೂರ್ತಿ ಹೋಗಿಲ್ಲ. ಆದ್ರೆ ಎಷ್ಟೋ ವಾಸಿ. ರಾತ್ರಿ ನಿದ್ದೆ ಬರುತ್ತೆ."

"ವಾಪಸ್ ಕೊಟ್ಟೆ ಅಂದೆ."

"ಮತ್ತಿನ್ನೇನು ಅನ್ಲಿ? ವಾಸಿಯಾಯ್ತು ಅನ್ನೋರು ಪೆದ್ದರು ಅಂತ ನೀನೇ ಅಂದಿದ್ದೆ. ನಿನ್ನ ಹತ್ರ ಹೇಳಿ ಪೆದ್ದಿ ಅನ್ನಿಸ್ಕೊಳ್ಳೋದಕ್ಕಿಂತ ಕುಂಟೋದು ಸುಲಭ ಅನ್ನಿಸ್ತು." ಡಬ್ಬಿಯ ಮೇಲೆ ಬಟ್ಟೆ ಎಳೆದುಕೊಂಡು ಹೇಳಿದಳು, "ನಿನ್ನ ಮಗನೂ ಹಾಗೇ. ಮೊನ್ನೆ ಅವನ ಅಂಗಡಿಗೆ ದೊಡ್ಡ ಸ್ಕೂಲಿನ ಸಮವಸ್ತ್ರದ ಕೆಲಸ ಬಂತು. ನನಗೆ ಹೇಳ್ದ. ಅಮ್ಮನಿಗೆ ಹೇಳಬೇಡ ಅಂದ."

ಕತ್ತರಿಗೆ ಹೇಳಲು ಬಹಳವಿತ್ತು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತೂ ಇತ್ತು, ಈಗ ಅದಕ್ಕೆ ಕೆಲಸವೇ ಉಳಿದಿರಲಿಲ್ಲ. ಕ್ಷಮೆ ಕೇಳುವಷ್ಟು ದೊಡ್ಡ ಅಪಕಾರವೂ ತನ್ನ ಮಾತಿನಿಂದ ಆಗಿರಲಿಲ್ಲ ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು. ಕಡೆಗೆ, "ನಾನು ಅಸ್ತರು ಹಾಕಿದ್ದೆ. ಒಳಗೆ. ಅದಕ್ಕೇ ನನಗೆ ವಾಸಿಯಾಗಿಲ್ಲ" ಎಂದಳು.

ಇಸ್ತ್ರಿಯವಳಿಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಕ್ಕಳು. ಇಷ್ಟು ವರ್ಷದಲ್ಲಿ ಕತ್ತರಿಯ ಎದುರಿಗೆ, ಕತ್ತರಿಯನ್ನೇ ಕುರಿತು ಯಾರಾದರೂ ನಕ್ಕಿದ್ದು ಅದೇ ಮೊದಲು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕತ್ತರಿ ಅವಳನ್ನು ನಗಲು ಬಿಟ್ಟಳು.

"ಬಾ, ಮೇಲೆ ಬಿಟ್ಟು ಬರ್ತೀನಿ. ಆ ಕಾಲಲ್ಲಿ ನೀನೊಬ್ಬಳೇ ಹತ್ತೋಕಾಗಲ್ಲ" ಎಂದಳು ಇಸ್ತ್ರಿಯವಳು. ಮುಂದೆ ಅವಳು, ಹಿಂದೆ ಕಂಬಿ ಹಿಡಿದು ಕತ್ತರಿ. ಇಸ್ತ್ರಿಯವಳ ಕಾಲು ಒಂದೊಂದೇ ಮೆಟ್ಟಿಲನ್ನು ನೆಟ್ಟಗೆ ಹತ್ತುತ್ತಿತ್ತು. ಅವಳ ಲಂಗದ ಅಂಚು ಕತ್ತರಿಯ ಕಣ್ಣಿನ ಮಟ್ಟಕ್ಕೇ ಇತ್ತು. ಅಂಚು ಒಂದು ಕಡೆ ಬಿಚ್ಚಿ ಜೋತುಬಿದ್ದಿತ್ತು.

"ಇದ್ಯಾವ ದರಿದ್ರದವನು ಹೊಲಿದಿದ್ದು ನಿನ್ನ ಲಂಗ" ಎಂದಳು ಕತ್ತರಿ.

ಆ ಮಾತು ಹೊರಬಿದ್ದದ್ದೇ ತಡ, ಮುಂದಿನ ಮೆಟ್ಟಿಲಿನ ಮೇಲೆ ಇಸ್ತ್ರಿಯವಳ ಬಲಗಾಲು ಕುಂಟಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಕತ್ತರಿ ಬಾಯಿ ಮುಚ್ಚಿಕೊಂಡಳು. ಇನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಮತ್ತೆ ನೆಟ್ಟಗಾಯಿತು.